ಜೋಮು ಬೇರೆ, ಮರಗಟ್ಟೋದು ಬೇರೆ

ತಮ್ಮಾ, ಚೀನಾದ ಈ ಚೆಂಗ್ಡುಗೆ ಬಂದು ಆರು ತಿಂಗಳಾಯ್ತು, ಮೊದಮೊದಲು ಮನೆ ನೆನಪಾಗಿ ನಿದ್ದೆ ಬರ್ತಿರ್ಲಿಲ್ಲ, ಈಗ ಅಮ್ಮ ಫೋನ್ ಮಾಡಿದ್ರೂ ಏನೂ ಅನ್ಸಲ್ಲ, ಸೆಟ್ ಆದೆ ಅಂತ ತಿಳ್ಕೊಳ್ಲಾ ಅಂತ ಕೇಳಿದೀಯ. ನಾನಿಲ್ಲಿ ಹನ್ನೊಂದು ವರ್ಷದಿಂದ ಇದೀನಿ, ನೀ ಹೇಳ್ತಿರೋದಕ್ಕೆ ಇಲ್ಲಿನೋರ ಹತ್ರ ಒಂದು ಪದ ಇದೆ. ಮಾಮು. (ನಮ್ಮ ಕಡೆ ಮಾಮು ಅಲ್ಲ ಮಾರಾಯ. ವುಹಾನ್ ಕಡೆ ಮೂರು ಚಕ್ರದ ಆಟೋಗೂ ಹಂಗೇ ಅಂತಿದ್ರು, ಅದು ಬೇರೆ ಕಥೆ.)

ಮಾ ಅಂದ್ರೆ ಜೋಮು. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲು ಜುಮ್ ಅನ್ನತ್ತಲ್ಲ, ಅದೇ. ಸ್ವರ ಮೇಲಕ್ಕೆ ಎಳೀಬೇಕು, ನೇರ ಹೇಳಿದ್ರೆ ಅಮ್ಮ ಆಗತ್ತೆ, ಇಳಿದು ಏರಿದ್ರೆ ಕುದುರೆ. ಮು ಅಂದ್ರೆ ಮರ. ಸೇರಿಸಿದ್ರೆ ನಮ್ಮ ಮರಗಟ್ಟೋದೇ, ಅವ್ರೂ ಮರಾನೇ ಹಿಡ್ಕೊಂಡಿದಾರೆ ನೋಡು! ಕೈಕಾಲಿಗೂ ಅದೇ ಪದ, ಮನಸ್ಸಿಗೂ ಅದೇ. ಎದುರಿಗೆ ಯಾರೋ ಬಿದ್ದಿದ್ರೂ ತಿರುಗಿ ನೋಡದೆ ಹೋಗೋರಿಗೆ ಮಾಮು ಬು ರೆನ್ ಅಂತಾರೆ, ರೆನ್ ಅಂದ್ರೆ ಕರುಣೆ, ಬು ಅಂದ್ರೆ ಇಲ್ಲ, ಆದ್ರೆ ಹಳೇ ವೈದ್ಯದಲ್ಲಿ ಈ ಬು ರೆನ್ ಅನ್ನೋದು ಮುಟ್ಟಿದ್ದು ಗೊತ್ತಾಗದ ಕೈಕಾಲಿಗೆ ಹೇಳ್ತಿದ್ದ ಮಾತು. ಆಫೀಸಲ್ಲಿ ಹುಡುಗ್ರು ಕೆಲಸ ಜಾಸ್ತಿಯಾದಾಗ "ವೊ ಮಾ ಲ" ಅಂತ ನಗ್ತಾರೆ, ಅದು ಬರೀ ಜೋಮು, ಅದಕ್ಕೆ ಹೆದರ್ಬೇಡ.

ನಂಗೆ ಈ ಪದ ಅರ್ಥ ಆಗಿದ್ದು ಅಜ್ಜಿ ಹೋದ ವರ್ಷ. ಫೋನ್ ಬಂದಾಗ ಅಕ್ಕಿ ತೊಳೀತಿದ್ದೆ, "ಹೌದಾ, ಎಷ್ಟೊತ್ತಿಗೆ" ಅಂದೆ, ಫೋನ್ ಇಟ್ಟೆ, ಕುಕ್ಕರ್‌ಗೆ ಗೆರೆ ನೋಡಿ ನೀರು ಹಾಕ್ದೆ, ಉಂಡೆ. ಗಟ್ಟಿಯಾದೆ ಅಂತ್ಲೇ ಅಂದ್ಕೊಂಡಿದ್ದು. ಎರಡು ತಿಂಗಳಾದ್ಮೇಲೆ ಒಂದು ಸಣ್ಣ ಹೋಟ್ಲಲ್ಲಿ ಹಸಿರು ಹ್ವಾಜ್ಯಾವ್ (ಬಾಯಿಗೆ ಜೋಮು ಹಿಡಿಸೋ ಮಸಾಲೆ ಕಾಳು) ಹಾಕಿದ ಮೀನು ತಿಂತಿದ್ದೆ. ಆ ಕಾಳು ನಮ್ಮ ಕರಾವಳಿ ಜುಮ್ಮಿನಕಾಯಿ ಜಾತೀದೇ, ಅಜ್ಜಿ ಬಂಗ್ಡೆ ಸಾರಿಗೆ ಕೊನೇಲಿ ನಾಲ್ಕು ಜಜ್ಜಿ ಹಾಕ್ತಿದ್ಲಲ್ಲ, ಅದು. ಮೊದ್ಲು ತುಟಿ ನಡುಗ್ತು (2013ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನೂ ಅಳೆದಿದಾರೆ, ಸೆಕೆಂಡಿಗೆ ಸುಮಾರು 50 ಸಲ ಅದುರಿದಂಗೆ ಅನ್ಸತ್ತಂತೆ), ಆಮೇಲೆ ಗಲ್ಲ, ಆಮೇಲೆ ಕಣ್ಣು. ಹೋಟ್ಲಮ್ಮ ಪಾಪ ಖಾರ ಹತ್ತಿತು ಅಂದ್ಕೊಂಡು ಒಂದು ಲೋಟ ಸೋಯಾ ಹಾಲು ತಂದಿಟ್ಟು ಬೆನ್ನು ತಟ್ಟಿದ್ಳು.

ಹಾಗಾಗಿ ಸೆಟ್ ಆದೆ ಅಂತ ನಾನಂತೂ ಹೇಳಲ್ಲ. ಬೆರಳು ಹಿಂಗೆ ತಿಂಗಳುಗಟ್ಲೆ ಮರಗಟ್ಟಿದ್ರೆ ಡಾಕ್ಟರ್ ಹತ್ರ ಹೋಗ್ತೀಯ ತಾನೆ? ನಿಮ್ಮ ಯೂನಿವರ್ಸಿಟೀಲಿ ಕೌನ್ಸೆಲರ್ ಇದ್ರೆ ಒಂದ್ಸಲ ಹೋಗಿ ಬಾ, ನಾಚ್ಕೆ ಬೇಡ. ಆಮೇಲೆ ಶನಿವಾರ ನಮ್ಮನೆ ಕಡೆ ಬಾ. ಬಂಗ್ಡೆ ಸಿಗಲ್ಲ, ಹೊಳೆ ಮೀನೇ, ಆದ್ರೆ ಹುಣಸೆಹಣ್ಣು ಊರಿಂದು. ಹ್ವಾಜ್ಯಾವ್ ಮಾತ್ರ ಕಮ್ಮಿ ಹಾಕು ಅನ್ಬೇಡ.