ನೋಯಿಸಿದರೇ ಮಸಾಜ್ ಆದಂತೆಯಾ?

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕೆಲಸ. ಬಲ ಹೆಗಲು, ಬೆನ್ನಿನ ಮೇಲ್ಭಾಗ ಸದಾ ಹಿಡಿದುಕೊಂಡಿರುತ್ತದೆ. ಹೋದ ತಿಂಗಳು ಒಂದು ಕಡೆ ಮಸಾಜ್ ಮಾಡಿಸಿದೆ. ಕೂಗಿಕೊಳ್ಳುವಷ್ಟು ಒತ್ತಿದರು, ಮೈ ನೀಲಿಗಟ್ಟಿತು. 'ವಿಷ ಹೊರಗೆ ಬಂತು, ಒಳ್ಳೆಯದೇ' ಎಂದರು. ಹೌದಾ? ನೀವು ಈ ಕೆಲಸ ಎಲ್ಲಿ ಕಲಿತಿರಿ, ಹೇಗೆ ಮಾಡುತ್ತೀರಿ?

ಉತ್ತರ: ಅದು ವಿಷ ಅಲ್ಲ. ಚರ್ಮದ ಕೆಳಗೆ ಸಣ್ಣ ರಕ್ತನಾಳಗಳು ಒಡೆದಿವೆ, ಅಷ್ಟೇ. ಮೈಯ ಕಸ ಹೊರಹಾಕುವುದು ಲಿವರ್, ಕಿಡ್ನಿಗಳ ಕೆಲಸ. ನನ್ನ ಹೆಬ್ಬೆರಳಿಗೆ ಆ ಶಕ್ತಿ ಇಲ್ಲ.

ನಾನು ಮೊದಲು ಕಲಿತದ್ದು ಗರಡಿಮನೆಯಲ್ಲಿ. ಉಸ್ತಾದರು ಎಳ್ಳೆಣ್ಣೆ ಬೆಚ್ಚಗೆ ಮಾಡಿ ಪೈಲ್ವಾನರ ತೊಡೆ, ಹೆಗಲು ತಿಕ್ಕುತ್ತಿದ್ದರು. ಆ ಕೈ ನೋಡಿ ನೋಡಿಯೇ ಕಲಿತೆ. ಆಮೇಲೆ ತರಬೇತಿಗೆ ಸೇರಿದಾಗ ಪೆಟ್ರಿಸಾಜ್ ಎಂಬ ಹಿಡಿತ ಹೇಳಿಕೊಟ್ಟರು. ಫ್ರೆಂಚಿನಲ್ಲಿ ಅದು ಹಿಟ್ಟು ನಾದುವುದರಿಂದ ಬಂದ ಮಾತು. ನಗು ಬಂತು. ಉಸ್ತಾದರು ಹೆಸರು ಗೊತ್ತಿಲ್ಲದೆ ಅದನ್ನೇ ಮಾಡುತ್ತಿದ್ದರು, ರೊಟ್ಟಿ ಹಿಟ್ಟು ನಾದಿದ ಹಾಗೆ!

ಆದರೆ ಪೈಲ್ವಾನರ ಮೈ ಬೇರೆ, ಮಿಕ್ಕವರ ಮೈ ಬೇರೆ. ಶುರುವಿನ ವರ್ಷಗಳಲ್ಲಿ ಒಬ್ಬ ಹಿರಿಯರ ಬೆನ್ನನ್ನು ಗರಡಿ ಹುರುಪಿನಲ್ಲೇ ಒತ್ತಿದೆ. ಮರುದಿನ ಅವರ ಮಗ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿದ. ಬೆನ್ನು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರು. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ತಪ್ಪು ನನ್ನದೇ. ಅಂದಿನಿಂದ ಎಣ್ಣೆ ಬಾಟಲಿ ಮುಟ್ಟುವ ಮೊದಲು ಹತ್ತು ನಿಮಿಷ ಬರೀ ಪ್ರಶ್ನೆ ಕೇಳುತ್ತೇನೆ. ಬಿಪಿ, ಶುಗರ್, ಆಪರೇಷನ್, ಮಾತ್ರೆ, ಜ್ವರ ಎಲ್ಲಾ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ಕೈಯನ್ನೇ ಇಡುವುದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ನೇರ ಆಸ್ಪತ್ರೆಗೆ ಕಳಿಸುತ್ತೇನೆ.

ನೀವು ಬಂದರೆ ಮೊದಲು ಭಟ್ಟಿ ಮುಂದೆ ನಿಲ್ಲುವ ಹಾಗೆ ನಿಲ್ಲಿಸುತ್ತೇನೆ. ಬಾಣಲೆಯಲ್ಲಿ ಮರಳು ಕೆದಕುವ ಹಾಗೆ ಕೈ ಆಡಿಸಿ ಎನ್ನುತ್ತೇನೆ. ಬಲ ಹೆಗಲು ಕಿವಿಯ ಕಡೆ ಏರುತ್ತದೆಯೋ ನೋಡಬೇಕಲ್ವಾ? ಆಮೇಲೆ ಅಂಗೈಯಿಂದ ಉದ್ದಕ್ಕೆ, ಹಗುರವಾಗಿ ನೀವುತ್ತೇನೆ. ಸ್ನಾಯು ಸಡಿಲವಾದ ಮೇಲೆ ನಾದುವುದು. ಹೆಬ್ಬೆರಳು ಕೊನೆಗೆ. ನೋವು ಹತ್ತರಲ್ಲಿ ಐದು ದಾಟಿದರೆ ಹೇಳಿ ಎನ್ನುತ್ತೇನೆ. ಆದರೆ ನಮ್ಮ ಕಡೆ ಗಂಡಸರು ಎಲ್ಲಿ ಹೇಳುತ್ತಾರೆ? ಬಾಯಿ 'ಪರವಾಗಿಲ್ಲ, ಒತ್ತಿ' ಎನ್ನುತ್ತದೆ, ಕಾಲಿನ ಬೆರಳು ಮುದುಡಿಕೊಂಡಿರುತ್ತದೆ. ಉಸಿರು ನಿಂತಿರುತ್ತದೆ. ನಾನು ಬಾಯಿ ಮಾತು ಕೇಳುವುದಿಲ್ಲ, ಬೆರಳು ನೋಡಿ ಕೈ ಹಗುರ ಮಾಡುತ್ತೇನೆ. ಮೈ ಬಿಗಿ ಹಿಡಿದು ಎದುರು ನಿಂತಾಗ ಎಷ್ಟು ಒತ್ತಿದರೂ ಸುಮ್ನೆ ಜಗಳ.

ಇಷ್ಟಾದರೂ ಆರಾಮ ಸಿಗುವುದು ಕೆಲವು ದಿನಕ್ಕೆ ಮಾತ್ರ. ಮತ್ತೆ ಅದೇ ಭಟ್ಟಿ, ಅದೇ ಕೈ. ಆದಷ್ಟು ಕೈ ಬದಲಿಸಿ, ಬಾಣಲೆಗೆ ದೂರ ನಿಂತು ಚಾಚಬೇಡಿ. ರಾತ್ರಿ ಬಿಸಿನೀರಿನ ಬಟ್ಟೆ ಇಡಿ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಬಲಗೈಯಲ್ಲಿ ತಲೆ ಬಾಚಲು ಆಗುತ್ತಾ? ಕೈ ಹಿಂದಕ್ಕೆ ತಿರುಗಿಸಿ ಅಂಗಿ ಹಾಕಲು? ಆಗದಿದ್ದರೆ ಭುಜದ ಕೀಲೇ ಬಿಗಿದಿರಬಹುದು. ಶುಗರ್ ಇದ್ದವರಲ್ಲಿ ಇದು ಜಾಸ್ತಿ. ಡಾಕ್ಟರಿಗೆ ತೋರಿಸಿ, ಶುಗರ್ ಪರೀಕ್ಷೆಯನ್ನೂ ಮಾಡಿಸಿ. ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು ಇದ್ದರೂ ಮೊದಲು ಡಾಕ್ಟರೇ. ಹೆಗಲು ನೋವಿನ ಜೊತೆ ಎದೆ ಬಿಗಿದು ಬೆವರಿದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇದ್ಯಾವುದೂ ಇಲ್ಲದಿದ್ದರೆ, ನೀಲಿ ಪೂರ್ತಿ ಮಾಸಿದ ಮೇಲೆ ಬನ್ನಿ. ಭಟ್ಟಿಯಿಂದ ಬೆವರಿಕೊಂಡು ನೇರ ಬರಬೇಡಿ. ನೀರು ಕುಡಿದು, ಅರ್ಧ ಗಂಟೆ ಕೂತು ಬನ್ನಿ. ಮಾತ್ರೆ ಚೀಟಿ ಮರೆಯಬೇಡಿ.