ಮಲ್ಲಿಗೆ ರೇಟಿನ ಸ್ಕ್ರಿಪ್ಟ್: ಪೈಥಾನಿಗೆ ಡೇಟಾಬೇಸ್ ಡ್ರೈವರ್ ಹಾಕುವ ಬಗ್ಗೆ

ಅಣ್ಣ, ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ದಿನದ ಅಟ್ಟೆ (ಹೂ ಮಾರುವ ಅಳತೆ) ರೇಟು ಮತ್ತು ನಿಮ್ಮ ತೋಟದ ಹೂವಿನ ಲೆಕ್ಕ ಮಾರಿಯಾಡಿಬಿ ಡೇಟಾಬೇಸಿನಲ್ಲಿ ಇಡಲು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೀರಿ, ಆದರೆ ಪಿಪ್‌ನಲ್ಲಿ (ಪೈಥಾನ್ ಮಾಡ್ಯೂಲ್ ಹಾಕುವ ಟೂಲ್) ಮೈಎಸ್‌ಕ್ಯೂಎಲ್‌ಕ್ಲೈಂಟ್ ಅನ್ನುವ ಡೇಟಾಬೇಸ್ ಡ್ರೈವರ್ ಹಾಕಲು ಹೋದರೆ ಪುಟಗಟ್ಟಲೆ ಎರರ್ ಬರುತ್ತದೆ ಅಂತ ಕೇಳಿದ್ದೀರಿ, ಅಲ್ವಾ? ಹೆದರಬೇಡಿ ಮಾರಾಯ್ರೆ, ಪೈಥಾನ್ ಹಾಳಾಗಿಲ್ಲ. ಸ್ಕ್ರಿಪ್ಟಿನಲ್ಲೂ ತಪ್ಪಿಲ್ಲ.

ಆ ಮಾಡ್ಯೂಲಿನ ಒಂದು ಭಾಗ ಸಿ ಭಾಷೆಯಲ್ಲಿ ಉಂಟು. ಲಿನಕ್ಸಿನಲ್ಲಿ ಪಿಪ್ ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡುತ್ತದೆ, ಅಂದರೆ ಯಂತ್ರಕ್ಕೆ ಅರ್ಥವಾಗುವ ಕೋಡಿಗೆ ಬದಲಿಸುತ್ತದೆ. ಅದಕ್ಕೆ ಕಂಪೈಲರ್ ಬೇಕು, ಪೈಥಾನಿನ ಹೆಡರ್ ಫೈಲು (ಒಳಗಿನ ಫಂಕ್ಷನ್‌ಗಳ ವಿವರವನ್ನು ಕಂಪೈಲರಿಗೆ ಕೊಡುವ ಫೈಲು) ಬೇಕು, ಡೇಟಾಬೇಸ್ ಕ್ಲೈಂಟಿನ ಹೆಡರ್ ಫೈಲೂ ಬೇಕು. ಸರ್ವರ್ ಹಾಕಿದ ಮಾತ್ರಕ್ಕೆ ಹೆಡರ್ ಬರುವುದಿಲ್ಲ, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಉಬುಂಟುವಿನಲ್ಲಿ ಮೊದಲು ಆಪ್ಟ್‌ನಿಂದ (ಉಬುಂಟುವಿನ ಪ್ಯಾಕೇಜ್ ಹಾಕುವ ಟೂಲ್) ಬಿಲ್ಡ್-ಎಸೆನ್ಷಿಯಲ್, ಪೈಥಾನ್3-ಡೆವ್, ಡೀಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್, ಪಿಕೆಜಿ-ಕಾನ್ಫಿಗ್ ಈ ನಾಲ್ಕನ್ನು ಹಾಕಿ, ಆಮೇಲೆ ಪಿಪ್ ಓಡಿಸಿ. ಕೊನೆಯದನ್ನು ಬಿಡಬೇಡಿ, ಮೈಎಸ್‌ಕ್ಯೂಎಲ್‌ಕ್ಲೈಂಟ್ 2.2ರಿಂದ ಲೈಬ್ರರಿ ಎಲ್ಲಿದೆ ಅಂತ ಹುಡುಕುವುದೇ ಅದರ ಮೂಲಕ.

ಉಬುಂಟು 24.04ರಲ್ಲಿ ಪಿಪ್ ನೇರವಾಗಿ ಹಾಕಲು ಬಿಡುವುದಿಲ್ಲ, 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅನ್ನುತ್ತದೆ, ಅಂದರೆ ಸಿಸ್ಟಮಿನ ಪೈಥಾನನ್ನು ಆಪ್ಟ್ ನೋಡಿಕೊಳ್ಳುತ್ತದೆ ಅಂತ. ನಾನು ಒಮ್ಮೆ ಅವಸರದಲ್ಲಿ 'ಬ್ರೇಕ್-ಸಿಸ್ಟಮ್-ಪ್ಯಾಕೇಜಸ್' ಅಂತ ಸೇರಿಸಿ ಒತ್ತಾಯದಿಂದ ಹಾಕಿದ್ದೆ. ಸಿಸ್ಟಮಿನ ಬೇರೊಂದು ಟೂಲ್ ಕೆಟ್ಟು ಇಡೀ ಭಾನುವಾರ ಹೋಯಿತು. ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲೇ ಒಂದು ವೆನ್ವ್ (ಆ ಸ್ಕ್ರಿಪ್ಟಿಗೆ ಮಾತ್ರ ಪ್ರತ್ಯೇಕ ಪೈಥಾನ್ ಜಾಗ) ಮಾಡಿಕೊಂಡು ಪಿಪ್ ಅದರೊಳಗೆ ಓಡಿಸಿ, ಎರಡು ನಿಮಿಷದ ಕೆಲಸ.

ಆದರೆ ನಿಮಗೆ ದಿನಕ್ಕೆ ಬರೆಯಲು ಇರುವುದು ಒಂದೆರಡು ಸಾಲು. ಅದಕ್ಕೆ ಇಷ್ಟೆಲ್ಲ ಯಾಕೆ? ಅದರ ಬದಲು ಪೈಮೈಎಸ್‌ಕ್ಯೂಎಲ್ ಅನ್ನುವ ಡ್ರೈವರ್ ಹಾಕಿ. ಅದು ಪೂರ್ತಿ ಪೈಥಾನಿನಲ್ಲೇ ಬರೆದದ್ದು, ಕಂಪೈಲ್ ಮಾಡುವ ರಗಳೆ ಇಲ್ಲ. ವೇಗ ಸ್ವಲ್ಪ ಕಡಿಮೆ, ಆದರೆ ನಿಮ್ಮ ಕೆಲಸಕ್ಕೆ ಗೊತ್ತೇ ಆಗುವುದಿಲ್ಲ. ಇಂಪೋರ್ಟ್ ಮತ್ತು ಕನೆಕ್ಟ್ ಸಾಲು ನೋಡಿ ಬದಲಿಸಿ, ಉಳಿದದ್ದು ಹೆಚ್ಚು ಕಡಿಮೆ ಹಾಗೇ ನಡೆಯುತ್ತದೆ. ಕನೆಕ್ಟ್ ಮಾಡುವಾಗ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಬೇಡ. ಉಬುಂಟುವಿನ ಮಾರಿಯಾಡಿಬಿಯಲ್ಲಿ ರೂಟ್ ಲಾಗಿನ್ ಸಿಸ್ಟಮಿನ ರೂಟ್ ಯೂಸರಿಗೆ ಕಟ್ಟಿಹಾಕಿದ್ದು, ಸುಮ್ನೆ 'ಆಕ್ಸೆಸ್ ಡಿನೈಡ್' ನೋಡುತ್ತಾ ಕೂರಬೇಕಾಗುತ್ತದೆ. ಬೇರೆ ಯೂಸರ್ ಮಾಡಿ.

ಟೇಬಲ್ಲಿನಲ್ಲಿ ಹೂವನ್ನು ಚೆಂಡಿನ (ಕಟ್ಟಿದ ಹೂವಿನ ಉಂಡೆ) ಲೆಕ್ಕದಲ್ಲೇ ಇಡಿ. 4 ಚೆಂಡಿಗೆ 1 ಅಟ್ಟೆ ಅಲ್ವಾ, 7 ಚೆಂಡು ಕೊಟ್ಟ ದಿನ 1.75 ಅಂತ ಬರೆಯುವುದಕ್ಕಿಂತ 7 ಅಂತ ಬರೆಯುವುದೇ ಸಲೀಸು. ಇನ್‌ಸರ್ಟ್ (ಸಾಲು ಸೇರಿಸುವುದು) ಆದಮೇಲೆ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಆದೇಶ) ಕೊಡಲು ಮರೆಯಬೇಡಿ. ಮರೆತರೆ ಎರರ್ ಏನೂ ಬರುವುದಿಲ್ಲ, ಮರುದಿನ ನೋಡಿದರೆ ಸಾಲು ಇರುವುದಿಲ್ಲ.

ಇಷ್ಟು ಮಾಡಿಯೂ ಆಗದಿದ್ದರೆ ಎರರಿನ ಕೊನೆಯ ಸಾಲು ಕಳಿಸಬೇಡಿ, ಮೇಲಿನಿಂದ ಮೊದಲು 'ನಾಟ್ ಫೌಂಡ್' ಅಂತ ಎಲ್ಲಿ ಬಂದಿದೆಯೋ ಆ ಸಾಲು ಇಲ್ಲಿ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.