ಮಲಾವಿಗೆ ಬರುವ ಮುಂಚೆ ಸಂಬಳ ಯಾವ ದುಡ್ಡಿನಲ್ಲಿ ಅಂತ ಕೇಳು

ತಮ್ಮಾ, ನಿನ್ನ ಪತ್ರ ಓದಿದೆ. ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೀಯ. ಈಗ ಇಲ್ಲಿ ಲಿಂಬೆ ಅನ್ನೋ ಊರಿನಲ್ಲಿ ತೊಗರಿ ರಫ್ತು ಮಾಡುವವರೊಬ್ಬರು ಕೆಲಸ ಕೊಡ್ತೀವಿ ಅಂದಿದ್ದಾರೆ, ಸಂಬಳ ಮಲಾವಿಯ ದುಡ್ಡು ಕ್ವಾಚಾದಲ್ಲಿ. ‘ಕ್ವಾಚಾ ಬೆಲೆ ಇಳಿದರೆ ರಫ್ತುದಾರರಿಗೆ ಲಾಭ ಅಂತಾರೆ, ಹಾಗಾದರೆ ನನಗೂ ಒಳ್ಳೇದೇ ಅಲ್ವಾ ಅಣ್ಣ?’ ಅಂತ ಕೇಳಿದ್ದೀಯ.

ನಾನು ಚಳ್ಳಕೆರೆ ಬಿಟ್ಟು ಇಲ್ಲಿ ನೆಲೆ ನಿಂತು ಬಹಳ ವರ್ಷ ಆಯ್ತು. ಜನ ಒಳ್ಳೆಯವರು. ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ನಮ್ಮ ಮುದ್ದೆಯ ಹಾಗೇ ಇರುತ್ತೆ, ಒಗ್ಗಿಕೊಳ್ಳುತ್ತೀಯ. ಸಂಬಳದ ವಿಷಯದಲ್ಲಿ ಮಾತ್ರ ಅವಸರ ಬೇಡ.

2023ರ ನವೆಂಬರ್‌ನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕಿನವರು ಡಾಲರ್ ದರವನ್ನು ಸುಮಾರು 1,180 ಕ್ವಾಚಾದಿಂದ 1,700ಕ್ಕೆ ಏರಿಸಿದರು. ಪೇಪರಿನಲ್ಲಿ 44% ಅಂತ ಬಂತು. ಅದು ಡಾಲರ್ ಏರಿದ ಲೆಕ್ಕ. ನಿನ್ನ ಲೆಕ್ಕ ಬೇರೆ: 10 ಲಕ್ಷ ಕ್ವಾಚಾ ಸಂಬಳ ಇದ್ದಿದ್ದರೆ ಸುಮಾರು 847 ಡಾಲರ್ ಆಗುತ್ತಿದ್ದದ್ದು ಒಂದೇ ಏಟಿಗೆ 588ಕ್ಕೆ ಇಳೀತು.

ಇನ್ನು ರಫ್ತಿನ ಲಾಭ, ಅಂದರೆ ಮಾರಿದ ಅದೇ ಡಾಲರಿಗೆ ಜಾಸ್ತಿ ಕ್ವಾಚಾ ಸಿಗುವುದು. ಅದು ಯಾರ ಕೈಗೆ ಹೋಯಿತು ನೋಡು. ಇಲ್ಲಿ ತೊಗರಿ ಕೊಯ್ಲು ಜುಲೈನಿಂದ ಶುರು. ರೈತರು ಮೆಕ್ಕೆಜೋಳದ ಜೊತೆ ಸಾಲಿನಲ್ಲಿ ಬೆಳೆದದ್ದನ್ನು ಹಳ್ಳಿಗೇ ಬರುವ ವೆಂಡರ್‌ಗೆ ಅಳೆದು ಕೊಟ್ಟುಬಿಡುತ್ತಾರೆ. ನವೆಂಬರ್ ಹೊತ್ತಿಗೆ ಮಾಲು ಗೋಡೌನಿನಲ್ಲಿತ್ತು, ರೈತನ ಮನೆಯಲ್ಲಿ ಅಲ್ಲ. ಲಾಭ ಗೋಡೌನಿನವರಿಗೆ. ರೈತ ಆಗ ಮಳೆ ನೋಡಿಕೊಂಡು ಮೆಕ್ಕೆಜೋಳಕ್ಕೆ ಗೊಬ್ಬರ ಕೊಳ್ಳುವ ಹೊತ್ತು. ಗೊಬ್ಬರವೂ ಡೀಸೆಲ್ಲೂ ಹೊರಗಿನಿಂದಲೇ ಬರಬೇಕು. ಡಾಲರ್ ದರ ಏರಿಸಿದ ಮರುದಿನ ನಾನು ಅಂಗಡಿಗೆ ಹೋದಾಗ ಹುಡುಗನೊಬ್ಬ ಹಳೇ ದರದ ಚೀಟಿ ಕೀಳದೆ ಅದರ ಮೇಲೇ ಹೊಸದು ಅಂಟಿಸುತ್ತಿದ್ದ. ಅಷ್ಟು ಅವಸರ! ಕ್ವಾಚಾ ಬೆಲೆ ಇಳಿದ ಖುಷಿ ಅನುಭವಿಸಬೇಕೆಂದರೆ ಜಾಸ್ತಿ ಬೆಳೆದು ಜಾಸ್ತಿ ಮಾರಬೇಕಲ್ಲ? ಹೊಲ ಒಂದೇ ತಿಂಗಳಲ್ಲಿ ಜಾಸ್ತಿ ಬೆಳೆಯುತ್ತಾ? ಮುಂದಿನ ಕೊಯ್ಲಿನವರೆಗೆ ಕಾಯಲೇಬೇಕು, ಅಷ್ಟರಲ್ಲಿ ಖರ್ಚು ಆ ಲಾಭವನ್ನು ತಿಂದಿರುತ್ತದೆ. ಮಲಾವಿಗೆ ಸಮುದ್ರವೂ ಇಲ್ಲ. ಮಾಲು ಮೊಜಾಂಬಿಕ್‌ನ ಬೈರಾಕ್ಕೋ ನಕಾಲಾಕ್ಕೋ ಹೋಗಬೇಕು, ಬಾಡಿಗೆಯೂ ಡಾಲರ್ ಲೆಕ್ಕವೇ.

ಇನ್ನೊಂದು ಇದೆ, ಇದನ್ನು ನಿನ್ನ ಮಾಲೀಕರು ಹೇಳುವುದಿಲ್ಲ. ರಫ್ತುದಾರ ತಂದ ಡಾಲರಿನಲ್ಲಿ ಒಂದು ಪಾಲನ್ನು ಸರ್ಕಾರಿ ದರಕ್ಕೇ ಬ್ಯಾಂಕಿಗೆ ಮಾರಬೇಕು. 2025ರಲ್ಲಿ ಕಾಳಪೇಟೆ ದರ ಸರ್ಕಾರಿ ದರದ ಎರಡು ಪಟ್ಟಿಗೂ ಮೇಲಿತ್ತು. ಅಂದರೆ ಅದು ಹೆಸರಿಲ್ಲದ ತೆರಿಗೆ. ಗಡಿ ದಾಟಿಸಿ ಕದ್ದು ಮಾರುವವರು ಸುಮ್ನೆ ಹುಟ್ಟಿಕೊಂಡಿಲ್ಲ.

ಅದಕ್ಕಿಂತ ದೊಡ್ಡ ವಿಷಯ, ಈ ತೊಗರಿಯ ಬೆಲೆ ಕ್ವಾಚಾ ನೋಡಿ ನಿಲ್ಲುವುದೇ ಇಲ್ಲ. ದಿಲ್ಲಿ ನೋಡಿ ನಿಲ್ಲುತ್ತದೆ. 2017ರ ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು, ಇಲ್ಲಿ ಕೊಳ್ಳುವವರೇ ಇಲ್ಲದೆ ಬೆಲೆ ನೆಲ ಕಚ್ಚಿತು. 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50,000 ಟನ್ ತರಿಸಿಕೊಳ್ಳುವ ಒಪ್ಪಂದ ಆದ ಮೇಲೆ ಉಸಿರು ಬಂತು. ನಮ್ಮ ಚಿತ್ರದುರ್ಗದ ಕಡೆ ಈರುಳ್ಳಿ ಬೆಳೆದವರಿಗೆ ಇದು ಹೊಸದಲ್ಲ. 2023ರ ಡಿಸೆಂಬರ್‌ನಲ್ಲಿ ರಫ್ತು ನಿಲ್ಲಿಸಿದಾಗ ರೂಪಾಯಿ ದರ ಎಷ್ಟಿದೆ ಅಂತ ಯಾರು ಕೇಳಿದರು?

ಹಾಗಂತ ಬರಬೇಡ ಅನ್ನುತ್ತಿಲ್ಲ. ಸಂಬಳ ಡಾಲರಿನಲ್ಲಿ ಬರೆಸಿಕೋ. ಒಪ್ಪದಿದ್ದರೆ, ಸಂಬಳದ ದಿನದ ಡಾಲರ್ ದರಕ್ಕೆ ಕ್ವಾಚಾ ಕೊಡುತ್ತೇವೆ ಅಂತಲಾದರೂ ಕರಾರಿನಲ್ಲಿ ಸೇರಿಸಲಿ. ಊರಿಗೆ ದುಡ್ಡು ಕಳಿಸುವುದು ಹೇಗೆ ಅಂತಲೂ ಕೇಳು. ಬ್ಯಾಂಕಿನಲ್ಲಿ ಡಾಲರಿಗೆ ಕಾಯಬೇಕಾಗುತ್ತೆ, ಅರ್ಧ ಸಂಬಳವನ್ನು ಭಾರತದ ಖಾತೆಗೇ ಹಾಕುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೇದು. ಅವರು ಏನಂದರು ಅಂತ ಬರೆ, ಕರಾರಿನ ಕಾಗದ ಸಹಿಗೆ ಮುಂಚೆ ನನಗೊಮ್ಮೆ ಕಳಿಸು.